ಕೆಟ್ಟ ಕಂಪ್ಯೂಟರ್ ಪಾರ್ಟು ಕೊಂಡು ರಿಪೇರಿ: ಕಾರವಾರದ ಉಪ್ಪುಗಾಳಿಯಲ್ಲಿ ಕೆಲವು ವರ್ಷಗಳ ಅನುಭವ

ಸೀದಾ ವಿಷಯಕ್ಕೆ ಬರುತ್ತೇನೆ. ಕೆಟ್ಟ ಮಾನಿಟರ್ ಕಡಿಮೆಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಕೆಟ್ಟ ಲ್ಯಾಪ್‌ಟಾಪ್ ಬೋರ್ಡಾದರೆ ಸ್ವಲ್ಪ ಯೋಚಿಸಿ. ಕಡಲ ಹತ್ತಿರದ ಮನೆಯಲ್ಲಿ ಕೆಟ್ಟ ಬೋರ್ಡಾದರೆ ಪುಕ್ಕಟೆ ಕೊಟ್ಟರೂ ಬೇಡ. ಈ ಕೊನೆಯ ಮಾತನ್ನು ಯಾರೂ ಹೇಳುವುದಿಲ್ಲ. ರಿಪೇರಿ ವಿಡಿಯೊ ಮಾಡುವವರೆಲ್ಲ ಒಣ ಊರಿನವರೇ ಇರಬೇಕು.

ನಾನು ಅಂಗಡಿ ಇಟ್ಟವನಲ್ಲ. ಆಫೀಸು ಮುಗಿಸಿ ಬಂದು ಚಾ ಕುಡಿದು, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಜಾತಿ. ಒಂದು ಐಟಂಗೆ 500 ರೂಪಾಯಿ ದಾಟಬಾರದು ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಸರಕು ಬರುವುದು ಇಲ್ಲಿಯ ಗುಜರಿಯಿಂದ, ಹುಬ್ಬಳ್ಳಿಯಿಂದ, ಅಪರೂಪಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಿಂದ. ಬೋರ್ಡು, ರ‍್ಯಾಮ್‌ನಂಥ ಸಣ್ಣ ಐಟಂ ಬಸ್ ಪಾರ್ಸೆಲ್‌ನಲ್ಲಿ ಆರಾಮಾಗಿ ಬರುತ್ತದೆ. ಮಾನಿಟರ್ ಮಾತ್ರ ಪಾರ್ಸೆಲ್ ಹಾಕಿಸಬೇಡಿ. ಅರಬೈಲು ಘಾಟಿ ಇಳಿಯುವಷ್ಟರಲ್ಲಿ ಪ್ಯಾನಲ್ ಒಡೆದಿರುತ್ತದೆ. ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋದಾಗ ಮಡಿಲಲ್ಲಿ ಇಟ್ಟುಕೊಂಡು ಬರುವುದೇ ವಾಸಿ.

ಮಾನಿಟರ್ ಯಾಕೆ ಅಂದರೆ, ಹಳೆಯ 19, 22 ಇಂಚಿನವು ಬಹಳಷ್ಟು ಸಾಯುವುದು ಒಂದೇ ಕಾಯಿಲೆಯಿಂದ. ಪವರ್ ಬೋರ್ಡಿನ ಕೆಪಾಸಿಟರ್, ಅಂದರೆ ಕರೆಂಟು ಹಿಡಿದಿಟ್ಟು ಕೊಡುವ ಸಣ್ಣ ಡಬ್ಬಿ, ಉಬ್ಬಿರುತ್ತದೆ. ಮಾರುವವನಿಗೆ ಇದು ಗೊತ್ತಿರುವುದಿಲ್ಲ. ‘ಲೈಟು ಮಿಣುಕ್ತದೆ ಸರ್, ಡಿಸ್‌ಪ್ಲೇ ಬರಲ್ಲ’ ಅನ್ನುತ್ತಾನೆ. ‘ಮೊದಲು ಹತ್ತು ನಿಮಿಷ ಬಿಟ್ರೆ ಆನ್ ಆಗ್ತಿತ್ತು, ಈಗ ಅದೂ ಇಲ್ಲ’ ಅಂದನೋ, ನಾನು ಒಳಗೊಳಗೇ ಖುಷಿ ಪಟ್ಟು, ಮುಖ ಸಪ್ಪಗೆ ಮಾಡಿಕೊಂಡು ಚೌಕಾಸಿ ಶುರು ಮಾಡುತ್ತೇನೆ.

ಬಿಚ್ಚುವುದೇ ಒಂದು ಮಜಾ. ಸ್ಟ್ಯಾಂಡಿನ ಸ್ಕ್ರೂ ತೆಗೆದು, ಅಂಚಿನ ಸಂದಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಸರಿಸುತ್ತಾ ಹೋದರೆ ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಟ್ಟುಕೊಳ್ಳುತ್ತವೆ. ಒಳಗೆ ದಪ್ಪ ಕೆಪಾಸಿಟರ್ ಒಂದು ಇರುತ್ತದೆ. ಅದಕ್ಕೆ ಕೈ ಹಚ್ಚಬೇಡಿ. ನಮ್ಮ 230 ವೋಲ್ಟ್ ಅಲ್ಲಿ ಡಿಸಿ ಆಗಿ ಸುಮಾರು 325 ವೋಲ್ಟ್ ಆಗುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಮಲ್ಟಿಮೀಟರ್ ಹಿಡಿದು ವೋಲ್ಟ್ ಇಳಿದಿದೆ ಅಂತ ಖಾತ್ರಿ ಆದ ಮೇಲೆ ಮುಂದಿನ ಕೆಲಸ. ಅದರ ಆಚೆ ಕಡೆ ಸಣ್ಣವು ಸಾಲಾಗಿ ನಿಂತಿರುತ್ತವೆ. ಚೆನ್ನಾಗಿರುವುದರ ತಲೆ ಚಪ್ಪಟೆ. ಕೆಟ್ಟದ್ದರ ತಲೆ ಉಬ್ಬಿ, ಕೆಲವೊಮ್ಮೆ ಕಂದು ಬಣ್ಣದ ರಸ ಒಸರಿ ಒಣಗಿರುತ್ತದೆ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ (ಕೆಪಾಸಿಟರ್‌ನ ಅಳತೆ), ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಬಿಸಿ ತಡೆಯುವುದು, ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವುದು) ಅಂತ ಕೇಳಿ ತರಿಸಿ. 85 ಡಿಗ್ರಿಯದು ಹಾಕಿದರೆ ಬೇಗ ಮತ್ತೆ ಬಿಚ್ಚಬೇಕಾಗುತ್ತದೆ. ಇಂಥ ಕೆಪಾಸಿಟರ್ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನುವುದು ಈ ಕಸುಬಿನವರ ಲೆಕ್ಕ. ಒಂದು ಬೋರ್ಡಿಗೆ ಬೇಕಾಗುವ ಎಲ್ಲ ಕೆಪಾಸಿಟರ್ ಸೇರಿ ನೂರು ರೂಪಾಯಿ ಆಗುವುದು ಕಷ್ಟ. ಹೊಸದು ಹಾಕಿ ಸ್ವಿಚ್ ಒತ್ತಿದಾಗ ಕಂಪನಿಯ ಹೆಸರು ಪರದೆ ಮೇಲೆ ಮೂಡುತ್ತದಲ್ಲ, ಆ ಖುಷಿಗೆ ಬೆಲೆ ಇಲ್ಲ. ಹೀಗೆ ಎದ್ದ ಒಂದರ ಮೇಲೇ ಈಗ ಇದನ್ನು ಟೈಪ್ ಮಾಡುತ್ತಿದ್ದೇನೆ.

ಇಷ್ಟೇ ಆಗಿದ್ದರೆ ಇಡೀ ಹವ್ಯಾಸಕ್ಕೇ ಐದಕ್ಕೆ ಐದು ಅಂಕ ಕೊಡುತ್ತಿದ್ದೆ.

ಉಪ್ಪಿನ ಕತೆ ಬೇರೆ. ನಮ್ಮ ಮನೆ ಕೋಡಿಬಾಗದಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಳಿ ನದಿ. ಕಿಟಕಿ ಸರಳಿಗೆ ಬಣ್ಣ ಹೊಡೆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹೊರಗೆ ಇಣುಕುತ್ತದೆ. ಬೀಗ, ಫ್ಯಾನು, ಗ್ಯಾಸ್ ಒಲೆ ಯಾವುದೂ ಬಚಾವಾಗಿಲ್ಲ. ಕಂಪ್ಯೂಟರ್ ಹೇಗೆ ಬಚಾವಾಗುತ್ತದೆ? ಗಾಳಿಯಲ್ಲಿ ಬಂದ ಉಪ್ಪು ಬೋರ್ಡಿನ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ಅದರ ಮೇಲೆ ವೋಲ್ಟೇಜ್ ಬಿದ್ದರೆ ತಾಮ್ರ ಇನ್ನೂ ಬೇಗ ಸವೆಯುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಬೇರೆ ದಿನವಿಡೀ ಇದೇ ಗಾಳಿಯನ್ನು ಒಳಗೆ ಎಳೆಯುತ್ತಾ ಇರುತ್ತದೆ.

ಇಲ್ಲಿಯ ಗುಜರಿಯಲ್ಲಿ ಸಿಕ್ಕ ಬೋರ್ಡುಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತವೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಯುಎಸ್‌ಬಿ ಪೋರ್ಟಿನ ಬುಡದಲ್ಲಿ, ರ‍್ಯಾಮ್ ಸ್ಲಾಟಿನ ಪಿನ್ನುಗಳ ಸಂದಿಯಲ್ಲಿ ಹಸಿರು ಕಿಲುಬು. ಹಸಿರು ಬಣ್ಣದ ಲೇಪದ ಅಡಿಯಲ್ಲಿ ತಾಮ್ರದ ಗೆರೆ ಕಪ್ಪಾಗಿರುತ್ತದೆ. ಬ್ಲೇಡಿನಿಂದ ಕೆರೆದರೆ ಗೆರೆಯೇ ಪುಡಿಯಾಗಿ ಉದುರುತ್ತದೆ. ಕೂದಲೆಳೆಯಂಥ ಎನಾಮೆಲ್ ತಂತಿ ಹಾಕಿ ಜೋಡಿಸಬಹುದು, ಬೋರ್ಡು ಎದ್ದೂ ಏಳುತ್ತದೆ. ಸ್ವಲ್ಪ ದಿನಕ್ಕೆ ಪಕ್ಕದ ಗೆರೆ ಹೋಗುತ್ತದೆ. ಅದನ್ನು ಜೋಡಿಸಿದರೆ ಚಿಪ್ಪಿನ ಅಡಿಗೆ ಹೋಗಿರುತ್ತದೆ. ಅಲ್ಲಿಗೆ ನನ್ನ ಐರನ್ನೂ ತಲುಪುವುದಿಲ್ಲ, ಬ್ರಷ್ಷೂ ತಲುಪುವುದಿಲ್ಲ. ಅಷ್ಟೊತ್ತಿಗೆ ಆ ಬೋರ್ಡನ್ನು ಯಾರಿಗಾದರೂ ಕೊಟ್ಟಿದ್ದರಂತೂ ಮುಗಿಯಿತು. ಅವರ ಕಣ್ಣಲ್ಲಿ ಕೆಡಿಸಿದ್ದು ನಾವೇ.

ಹಾಗಾಗಿ ಈಗ ಬೆಲೆ ಕೇಳುವ ಮುಂಚೆ ಮಷಿನ್ ಯಾವ ಊರಲ್ಲಿ ಓಡುತ್ತಿತ್ತು ಅಂತ ಕೇಳುತ್ತೇನೆ. ಹುಬ್ಬಳ್ಳಿ, ಧಾರವಾಡದ್ದಾದರೆ ಧೂಳು ಕೊಡವಿದರೆ ಆಯ್ತು. ಶಿರಸಿ ಕಡೆಯದಾದರೆ ಸಿಡಿಲಿನದ್ದಾ ಅಂತ ಇನ್ನೊಂದು ಪ್ರಶ್ನೆ. ಮಳೆ ಹಿಡಿಯುವ ಮುಂಚಿನ ಗುಡುಗು ಮಳೆಗೆ ಅಲ್ಲಿ ಎಷ್ಟೋ ರೂಟರು, ಬೋರ್ಡು ಸುಟ್ಟುಹೋಗುತ್ತವೆ. ಆದರೂ ಸಿಡಿಲು ಇಂಟರ್ನೆಟ್ ಕೇಬಲ್ಲಿನಿಂದ ಬಂದಿದ್ದರೆ ಕೆಲವೊಮ್ಮೆ ನೆಟ್‌ವರ್ಕ್ ಚಿಪ್ ಒಂದೇ ಹೋಗಿ, ಅದೇ ಶಾರ್ಟಾಗಿ ಇಡೀ ಬೋರ್ಡನ್ನು ಮಲಗಿಸಿರುತ್ತದೆ. ಶಾರ್ಟಾದ ಲೈನಿಗೆ ಕಡಿಮೆ ವೋಲ್ಟ್ ಕೊಟ್ಟು, ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ನೋಡಿ. ಬಿಸಿಯಾದ ಚಿಪ್ಪಿನ ಮೇಲೆ ಮೊದಲು ಒಣಗುತ್ತದೆ. ಕಳ್ಳ ಅಲ್ಲೇ ಸಿಗುತ್ತಾನೆ. ಅದನ್ನು ತೆಗೆದು, ಹತ್ತಿರದ ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ವೈಫೈ ಚುಚ್ಚಿದರೆ ಬೋರ್ಡು ಮತ್ತೆ ಮನೆ ಕೆಲಸಕ್ಕೆ ಸಾಕು.

ಮಳೆಗಾಲದಲ್ಲಿ ಇನ್ನೊಂದು ಪಾಡು. ಜೂನ್ ಬಂತೆಂದರೆ ಇಲ್ಲಿ ಏನೂ ಒಣಗುವುದಿಲ್ಲ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಆಲ್ಕೋಹಾಲ್ ಹಾಕಿ ತೊಳೆದ ಬೋರ್ಡನ್ನು ಮೇಜಿನ ಮೇಲಿಟ್ಟರೆ ಬೆಳಿಗ್ಗೆ ಮತ್ತೆ ಜಿಗುಟು. ಅದಕ್ಕೇ ಹಳೆಯ ಮರದ ಪೆಟ್ಟಿಗೆಯೊಂದಕ್ಕೆ 40 ವ್ಯಾಟಿನ ತಂತಿ ಬಲ್ಬ್ ಕೂರಿಸಿದ್ದೇನೆ. ಹಗಲು ರಾತ್ರಿ ಉರಿದರೂ ದಿನಕ್ಕೆ ಒಂದು ಯೂನಿಟ್ ಒಳಗೇ. ಮಲಗುವ ಮುಂಚೆ ಮುಚ್ಚಳ ತೆಗೆದು ಕೈಯಿಟ್ಟು ಬಿಸಿ ನೋಡಿ, ಬೋರ್ಡು ಮಗುಚಿ ಹಾಕುವುದು ಈಗ ದೇವರಿಗೆ ದೀಪ ಹಚ್ಚಿದಷ್ಟೇ ರೂಢಿ. ಅಮ್ಮ ಮೊದಲು ‘ಇದೆಂಥ ಹುಚ್ಚು ನಿಂದು’ ಅಂದಿದ್ದಳು. ಆಮೇಲೆ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣ ಬಂತು, ಮರುವಾರ ಹಪ್ಪಳದ ಕಟ್ಟು. ಹೋದ ಮಳೆಗಾಲದಲ್ಲಿ ಬೋರ್ಡಿಗೇ ಜಾಗ ಇರಲಿಲ್ಲ. ಈ ಇಡೀ ಹವ್ಯಾಸದಲ್ಲಿ ಮನೆಯವರೆಲ್ಲ ಒಪ್ಪಿಕೊಂಡ ವಸ್ತು ಅಂದರೆ ಈ ಪೆಟ್ಟಿಗೆ ಒಂದೇ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಲ್ವಾ? ಸಂಬಳದ ಲೆಕ್ಕದಲ್ಲಿ ಗಂಟೆಗಿಷ್ಟು ಅಂತ ಹಿಡಿದರೆ ನಷ್ಟ, ಅದರಲ್ಲಿ ಅನುಮಾನವಿಲ್ಲ. ಮೀಟರು, ಒಳ್ಳೆ ಐರನ್ನು, ಬಿಸಿ ಗಾಳಿ ಊದುವ ಹಾಟ್ ಏರ್ ಇವಕ್ಕೆ ಹಾಕಿದ್ದು ಬೇರೆ. ಲ್ಯಾಪ್‌ಟಾಪ್ ವಿಷಯದಲ್ಲಂತೂ ಈಗ ಲೆಕ್ಕವೇ ತಲೆಕೆಳಗಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಇಂಟೆಲ್‌ನ ಏಳನೇ ತಲೆಮಾರಿನ ಬಹುತೇಕ ಪ್ರೊಸೆಸರ್‌ಗಳನ್ನೂ ಅದಕ್ಕಿಂತ ಹಳೆಯವನ್ನೂ ಒಪ್ಪುವುದಿಲ್ಲ. ಹಾಗಾಗಿ ಆಫೀಸುಗಳಿಂದ ಹೊರಬಿದ್ದ ಚಾಲೂ ಇರುವ ಲ್ಯಾಪ್‌ಟಾಪ್‌ಗಳೇ ಅಗ್ಗಕ್ಕೆ ಸಿಗುತ್ತವೆ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡರೆ ಚೆಂದವಾಗಿ ಓಡುತ್ತವೆ. ಅಂಥದ್ದು ಸಿಗುವಾಗ ಸತ್ತಿರುವುದನ್ನು ಯಾಕೆ ತರಬೇಕು? ಕೀಬೋರ್ಡ್ ಹೋಗಿದೆ, ಹಿಂಜ್ ಮುರಿದಿದೆ, ಚಾರ್ಜಿಂಗ್ ಜ್ಯಾಕ್ ಸಡಿಲ ಆಗಿದೆ ಅಂದರೆ ಮಾತ್ರ ನಾನು ಈಗಲೂ ಕೈ ಚಾಚುತ್ತೇನೆ.

‘ಟೆಸ್ಟ್ ಮಾಡಿಲ್ಲ ಸರ್, ಹಂಗೇ ತಗೊಳಿ’ ಅನ್ನುವವರನ್ನು ನಂಬಬೇಡಿ. ಟೆಸ್ಟ್ ಮಾಡಿ, ಬಿಚ್ಚಿ, ಕೈಲಾಗದೆ ಮುಚ್ಚಿರುತ್ತಾರೆ. ಸ್ಕ್ರೂ ತಲೆ ಸವೆದಿದೆಯಾ, ಚಿಪ್ಪಿನ ಸುತ್ತ ಬೆಸುಗೆಗೆ ಹಚ್ಚುವ ಫ್ಲಕ್ಸಿನ ಹಳದಿ ಕಲೆ ಇದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ಈ ಕಲೆ ಕಂಡರೆ ಸುಮ್ನೆ ವಾಪಸ್ ಇಟ್ಟುಬಿಡಿ. ಸತ್ತ ಕಾರ್ಡಿಗೆ ಬಿಸಿ ಗಾಳಿ ಹೊಡೆದರೆ ಕೆಲವು ದಿನ ಡಿಸ್‌ಪ್ಲೇ ಬರುತ್ತದೆ, ಅಷ್ಟರಲ್ಲಿ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಹೀಗೆ ಒಂದು ಕಾರ್ಡು ನನ್ನ ತಲೆಗೂ ಬಿದ್ದಿದೆ, ಮಾರಿದವನು ಈಗ ಫೋನ್ ಎತ್ತುವುದಿಲ್ಲ. ಉಬ್ಬಿದ ಬ್ಯಾಟರಿ ಮನೆಯೊಳಗೇ ತರಬೇಡಿ. ಟಕ್ ಟಕ್ ಅನ್ನುವ ಹಾರ್ಡ್‌ಡಿಸ್ಕ್ ಕಾಗದದ ಮೇಲಿಡಲಿಕ್ಕೆ ಚೆನ್ನಾಗಿರುತ್ತದೆ.

ಮಾನಿಟರ್‌ಗೆ ಐದಕ್ಕೆ ಐದು, ಒಣ ಊರಿನ ಬೋರ್ಡಿಗೆ ಮೂರು, ಕರಾವಳಿಯದ್ದಕ್ಕೆ ಸೊನ್ನೆ. ಹುಬ್ಬಳ್ಳಿಯಲ್ಲಿ ಎರಡು 22 ಇಂಚಿನವು ಬಂದಿವೆಯಂತೆ, ಒಂದರ ಲೈಟು ಮಿಣುಕುತ್ತಿದೆಯಂತೆ. 400 ಹೇಳುತ್ತಿದ್ದಾನೆ. 300ಕ್ಕೆ ಇಳಿಸಬೇಕು.