ಎರಡು ಬ್ಯಾಂಡಿನ ರೂಟರ್, ಕಾರವಾರದಲ್ಲಿ ಮೂರು ಮಳೆಗಾಲ

ಕೋಡಿಬಾಗದ ನಮ್ಮ ಮನೆಗೆ ಈ ರೂಟರ್ ಬಂದು ಮೂರು ಮಳೆಗಾಲ ಕಳೆಯಿತು. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್ ಎರಡೂ ಇದೆ, ಬೆನ್ನಿಗೆ ಒಂದು ಯುಎಸ್‌ಬಿ 3.0 ಪೋರ್ಟ್. ಆ ಪೋರ್ಟ್ ಬೇಕೆಂದೇ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಿದ್ದೆ. ಆಮೇಲೆ ಗೋಳು ಹೊಯ್ದುಕೊಂಡಿದ್ದೂ ಅದೇ.

ಮೊದಲ ವರ್ಷ ದೂರೇ ಇಲ್ಲ. ಆಮೇಲೆ ರಾತ್ರಿ ಎಂಟಾದರೆ ಸಾಕು, ಆಯಿಯ ಟಿವಿ ನಿಂತುಬಿಡುತ್ತಿತ್ತು. ಯಕ್ಷಗಾನ ಹಾಕಿಕೊಂಡು ಕೂತರೆ, ಚಂಡೆ ಜೋರಾಗುವ ಹೊತ್ತಿಗೆ ಸರಿಯಾಗಿ ಚಕ್ರ ತಿರುಗಲು ಶುರು. ಅದು ಹಳೇ ಟಿವಿ, 2.4 ಮಾತ್ರ ಹಿಡಿಯುತ್ತದೆ. 5ರಲ್ಲಿದ್ದ ನನ್ನ ಮೊಬೈಲಿಗೆ ಏನೂ ಆಗುತ್ತಿರಲಿಲ್ಲ, ಹಾಗಾಗಿ ಆಯಿ ಹೇಳಿದ್ದನ್ನು ನಾನು ನಂಬಲೂ ಇಲ್ಲ. ಕೊನೆಗೆ ಕನೆಕ್ಷನ್ ಕೊಟ್ಟ ಹುಡುಗನನ್ನು ಎರಡು ಸಲ ಕರೆಸಿದೆ. ಫೈಬರಿನಲ್ಲಿ ಬರುವ ಬೆಳಕು ಅಳೆಯುವ ಮೀಟರಿನಲ್ಲಿ ಮೈನಸ್ 19 ತೋರಿಸಿ, "ಲೈಟ್ ಚೆನ್ನಾಗೇ ಇದೆ ಸರ್" ಎಂದು ಹೋದ. ಪಾಪ, ಅವನ ತಪ್ಪೇನಿರಲಿಲ್ಲ.

ಸುತ್ತಲಿನ ವೈಫೈಗಳು ಯಾವ ಚಾನಲ್‌ನಲ್ಲಿವೆ (ಬ್ಯಾಂಡಿನ ಯಾವ ತುಂಡಿನಲ್ಲಿವೆ) ಎಂದು ತೋರಿಸುವ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದೆ. ಅಕ್ಕಪಕ್ಕದವರ ರೂಟರ್‌ಗಳೆಲ್ಲ ಹೆಚ್ಚುಕಡಿಮೆ ಚಾನಲ್ 6ರಲ್ಲೇ, ನಮ್ಮದೂ ಅಲ್ಲೇ. 11ಕ್ಕೆ ಹಾಕಿದೆ, ಚಾನಲ್‌ನ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ಹಗಲು ಸುಧಾರಿಸಿತು. ಎಂಟು ಗಂಟೆಯ ಕಾಟ ಹೋಗಲಿಲ್ಲ.

ಒಂದು ದಿನ ಲ್ಯಾಪ್‌ಟಾಪನ್ನು 2.4ಕ್ಕೆ ಸೇರಿಸಿ, ಉತ್ತರ ಎಷ್ಟು ಬೇಗ ಬರುತ್ತದೆಂದು ಅಳೆಯುವ ಪಿಂಗ್ ಹಚ್ಚಿ ಕೂತೆ. ಹೊರಗಿನ ಸೈಟಿಗಲ್ಲ, ರೂಟರಿಗೇ: 192.168.1.1. ಮೂರು ಮಿಲಿಸೆಕೆಂಡ್, ಮೂರು, ನಾಲ್ಕು. ಎಂಟಾಯಿತು. 180, 400, ಆಮೇಲೆ ಉತ್ತರವೇ ಇಲ್ಲ. ಪಕ್ಕದ ಕೋಣೆಯ ರೂಟರೇ ಉತ್ತರ ಕೊಡದಿದ್ದರೆ ಹೊರಗಿನ ಲೈನಿಗೆ ಬೈದು ಏನು ಬಂತು? ಆಗ ಹೊಳೆಯಿತು. ಡೆಸ್ಕ್‌ಟಾಪಿನ ಫೋಟೋಗಳು ಬ್ಯಾಕಪ್ ಆಗುವುದು ಎಂಟಕ್ಕೇ, ರೂಟರಿನ ಬೆನ್ನಿಗೆ ಚುಚ್ಚಿದ ಹಾರ್ಡ್ ಡಿಸ್ಕಿಗೆ. ಬ್ಯಾಕಪ್ ನಿಲ್ಲಿಸಿ ಡಿಸ್ಕ್ ಕಿತ್ತೆ. ಮತ್ತೆ ಮೂರು ಮಿಲಿಸೆಕೆಂಡ್.

ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4ರ ಮೇಲೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಬರೆದಿತ್ತು. ಆದರೂ ಆಂಟೆನಾದ ಮಗ್ಗುಲಿಗೇ ಪೋರ್ಟ್ ಇಟ್ಟಿದ್ದಾರೆ ನೋಡಿ! ಆ್ಯಪಿಗೆ ಇದು ಕಾಣಲಿಲ್ಲ, ಯಾಕೆಂದರೆ ಅದು ಎಣಿಸುವುದು ವೈಫೈಗಳನ್ನು ಮಾತ್ರ. ಸೆಟ್ಟಿಂಗ್ಸಿನಲ್ಲಿ ಪೋರ್ಟನ್ನು ಯುಎಸ್‌ಬಿ 2.0ಕ್ಕೆ ಇಳಿಸಿದೆ, ಒಂದು ಮೀಟರ್ ಕೇಬಲ್ ಹಾಕಿ ಡಿಸ್ಕನ್ನು ದೂರ ಇಟ್ಟೆ. ಬ್ಯಾಕಪ್ ನಿಧಾನ, ಆದರೆ ಟಿವಿ ನಿಲ್ಲುವುದಿಲ್ಲ.

5ರಲ್ಲೂ ಒಂದು ತಕರಾರಿದೆ. ಆಟೋದಲ್ಲಿ ಬಿಟ್ಟರೆ ಇದು 52ರಿಂದ 64ರೊಳಗಿನ ಚಾನಲ್‌ಗೆ ಹೋಗಿ ಕೂರುತ್ತದೆ. ಅವು ರಡಾರ್ ಜೊತೆ ಹಂಚಿಕೊಳ್ಳುವ ಚಾನಲ್‌ಗಳು. ರಡಾರಿನಂಥ ಸಿಗ್ನಲ್ ಬಂತೆಂದು ಅನಿಸಿದರೂ ಸಾಕು, ರೂಟರ್ ಜಾಗ ಖಾಲಿ ಮಾಡುತ್ತದೆ. ರೂಟರ್ ಇಡುವ ದಾಖಲೆಯಲ್ಲಿ (ಲಾಗ್) ಹಾಗೇ ಬರೆದಿರುತ್ತದೆ. ಬಂದರು, ನೌಕಾನೆಲೆ ಇರುವ ಊರಲ್ಲಿ ಆ ಉಸಾಬರಿ ಯಾಕೆ? 36ಕ್ಕೆ ಕಟ್ಟಿಹಾಕಿದ್ದೇನೆ.

ಉಪ್ಪುಗಾಳಿಗೆ ಒಂದು ಲ್ಯಾನ್ ಪೋರ್ಟಿನ ಪಿನ್ ಹಸಿರಾಗಿದೆ, ಉಳಿದದ್ದು ಗಟ್ಟಿಯಾಗಿದೆ. ಐದರಲ್ಲಿ ಮೂರೂವರೆ ಸ್ಟಾರ್. ಡಿಸ್ಕ್ ಈಗ ಶೋಕೇಸಿನ ಕೆಳಗಿನ ಹಲಗೆಯಲ್ಲಿದೆ. ಧೂಳು ಕೂರಬಾರದೆಂದು ಆಯಿ ಮೇಲೊಂದು ಬಟ್ಟೆ ಹೊದಿಸಿದ್ದಾಳೆ. ಬಿಸಿಯಾಗುತ್ತದೆ ಅಂದರೂ ಕೇಳುವುದಿಲ್ಲ.