ಮ್ಯಾಗ್ನಮ್ ಎಂದು ಮಾರಿದ ಆ ಡಬ್ಬಿ: ರಿವಾಲ್ವರ್ ಲೈಸೆನ್ಸ್ ಇರುವವರು ದಯವಿಟ್ಟು ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ .357 ಮ್ಯಾಗ್ನಮ್ (ಸಾಮಾನ್ಯ ಕಾಡತೂಸಿಗಿಂತ ಹೆಚ್ಚು ಬಿರುಸಾದದ್ದನ್ನು ಹಾರಿಸುವ) ರಿವಾಲ್ವರಿಗೆ ಲೈಸೆನ್ಸ್ ಹೊಂದಿರುವವರು ಹೆಚ್ಚು ಜನ ಇರಲಾರರು. ಇರುವವರಲ್ಲಿ ಯಾರಾದರೂ ಈಚೆಗೆ ಹುಬ್ಬಳ್ಳಿಯ ಒಂದು ಅಂಗಡಿಯಿಂದ, ಪಾರದರ್ಶಕ ಟೇಪು ಸುತ್ತಿದ ವಿದೇಶಿ ಡಬ್ಬಿಯಲ್ಲಿ ಕಾಡತೂಸು ತಂದಿದ್ದರೆ, ಈ ಬರಹವನ್ನು ಪೂರ್ತಿ ಓದುವವರೆಗೂ ಅದರಲ್ಲಿ ಒಂದನ್ನೂ ಹಾರಿಸಬೇಡಿ. ನಮಗೆ ಸಿಕ್ಕಿದ್ದು ಕಾರ್ಖಾನೆಯ ಮಾಲಲ್ಲ, ಹಾರಿಸಿ ಬಿಸಾಡಿದ ಕೇಸುಗಳಿಗೆ (ಕಾಡತೂಸಿನ ಲೋಹದ ಚಿಪ್ಪುಗಳಿಗೆ) ಕೈಯಿಂದ ಮತ್ತೆ ಮದ್ದು ತುಂಬಿದ್ದು. ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ದೂರು ವಿಚಾರಣೆಯಲ್ಲಿದೆ. ಆದರೆ ನಡೆದದ್ದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ನಮ್ಮ ಕಷ್ಟ ಬಲ್ಲವರಿಗೆ ಗೊತ್ತೇ ಇದೆ. .32 ರಿವಾಲ್ವರ್ ಇರುವವರಿಗೆ ನಮ್ಮ ದೇಶದ ಆರ್ಡ್‌ನನ್ಸ್ ಕಾರ್ಖಾನೆಯ ಮಾಲು ಸಿಗುತ್ತದೆ. .357 ಇಟ್ಟುಕೊಂಡವರು ಮಾತ್ರ ಹೊರದೇಶದ ಕಾಡತೂಸಿಗೆ ಕಾಯುತ್ತ ಕೂರಬೇಕು. ಸಾಮಾನ್ಯ ನಾಗರಿಕರಿಗೆ ಕೈಬಂದೂಕುಗಳ ಆಮದು 1980ರ ದಶಕದಲ್ಲಿಯೇ ಬಹುತೇಕ ನಿಂತುಹೋದದ್ದರಿಂದ ನಮ್ಮ ಬಳಿ ಇರುವ ರಿವಾಲ್ವರುಗಳೆಲ್ಲ ಅದಕ್ಕೂ ಹಿಂದಿನವು, ತಂದೆಯಿಂದಲೋ ಕಾಕಾನಿಂದಲೋ ಬಂದವು. ನಾನು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ವ್ಯಾಪಾರ ಮಾಡುವವನು. ನನ್ನದು 4 ಇಂಚು ನಳಿಗೆಯ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19. ಗದಗಿನಲ್ಲಿ ಮುದ್ರಣಾಲಯ ನಡೆಸುವ ಗೆಳೆಯರ ಬಳಿ ಅದೇ ಕಂಪನಿಯ 6 ಇಂಚಿನ ಮಾಡೆಲ್ 27 ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಷಡ್ಡಕರ ಬಳಿ ಮೋಟು ನಳಿಗೆಯ ರೂಗರ್ ಸೆಕ್ಯೂರಿಟಿ ಸಿಕ್ಸ್ ಇದೆ. ಮೂವರೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಕಂತಿನ ಮಾಲು ತೆಗೆದುಕೊಂಡೆವು, ಮೂವರ ಲೈಸೆನ್ಸ್ ಪುಸ್ತಕದಲ್ಲಿಯೂ ಅದು ದಾಖಲಾಗಿದೆ.

ಬಿಲ್ಲಿನಲ್ಲಿ ಬರೆದದ್ದು ‘.357 ಕಾರ್ಟ್ರಿಡ್ಜ್’ ಎಂದಷ್ಟೇ. ತಯಾರಕರ ಹೆಸರನ್ನೂ ಕಂತಿನ ಸಂಖ್ಯೆಯನ್ನೂ ಬರೆದುಕೊಡಿ ಎಂದು ನಾನು ಅಲ್ಲಿಯೇ ನಿಂತು ಕೇಳಿದೆ. ಅದಕ್ಕೆ ಅಂಗಡಿಯವರು ನಗುತ್ತ, “ಡಬ್ಬಿ ಮ್ಯಾಲ ಐತೆಲ್ರಿ ಸರ, ಬಿಲ್ಲಿನ್ಯಾಗ ಅಷ್ಟೆಲ್ಲಾ ಬರಿಯೋ ಪದ್ಧತಿ ಇಲ್ರಿ. ಮುಂಬೈ ಮಾಲು, ಪಕ್ಕಾ ಇಂಪೋರ್ಟೆಡ್. ಚಾ ತರಸ್ಲ್ಯಾ?” ಎಂದರು. ಕಾರ್ಖಾನೆಯ ಮಾಲಿಗೆ ಕೊಡುವ ಪೂರ್ತಿ ಬೆಲೆಯನ್ನೇ ಕೊಟ್ಟು ಬಂದೆವು.

ನಂತರದ ಭಾನುವಾರ ಮೂವರೂ ಅನುಮತಿ ಇರುವ ಫೈರಿಂಗ್ ರೇಂಜಿನಲ್ಲಿ ಕೂಡಿದೆವು. ಮೊದಲು ನನ್ನ ಸರದಿ. ಸಿಲಿಂಡರಿನಲ್ಲಿದ್ದಷ್ಟನ್ನೂ ಹಾರಿಸಿ ಹೊರಕ್ಕೆ ತೆರೆದು, ಕೇಸುಗಳನ್ನು ಹೊರದೂಡುವ ಎಜೆಕ್ಟರ್ ಒತ್ತಿದರೆ ಖಾಲಿ ಕೇಸುಗಳು ಅಲುಗಲಿಲ್ಲ. ಅಂಗೈಯಿಂದ ಒತ್ತಿದರೂ ಬರಲಿಲ್ಲ, ಕೊನೆಗೆ ಮೇಜಿನ ಅಂಚಿಗೆ ಕಟ್ಟಿಗೆಯ ತುಂಡು ಕೊಟ್ಟು ತಟ್ಟಬೇಕಾಯಿತು. ಹೊರಬಂದ ಕೇಸುಗಳ ತಳದಲ್ಲಿ ಪ್ರೈಮರುಗಳು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲುಗಳು) ಅಂಚಿನ ದುಂಡನ್ನೆಲ್ಲ ಕಳೆದುಕೊಂಡು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿದ್ದವು. ಒತ್ತಡ ಮಿತಿ ಮೀರಿದಾಗ ಕಾಣುವ ಲಕ್ಷಣ ಇದು. ನಾನು ಗಾಬರಿಯಾಗಿ ನೋಡುತ್ತಿರುವಾಗಲೇ ಪಕ್ಕದಲ್ಲಿ ಗದಗಿನ ಗೆಳೆಯರು ಹಾರಿಸುತ್ತಿದ್ದರು. ಅವರದು ದೊಡ್ಡ ಫ್ರೇಮಿನ ಭಾರವಾದ ರಿವಾಲ್ವರ್, ಅದರಲ್ಲಿ ಮೊದಲ ಸಿಲಿಂಡರಿನ ಕೇಸುಗಳೆಲ್ಲ ಸಲೀಸಾಗಿ ಕೆಳಗೆ ಬಿದ್ದವು. ಎರಡನೆಯ ಸಲ ತುಂಬಿ ಹಾರಿಸುವಾಗ ನಡುವೆ ಒಂದು ಗುಂಡು ‘ಫಟ್’ ಎಂದಿತೇ ಹೊರತು ಸಿಡಿಯಲಿಲ್ಲ. ಗೆಳೆಯರ ಬೆರಳು ಮುಂದಿನ ಗುಂಡಿಗಾಗಿ ಟ್ರಿಗರ್ ಎಳೆಯಲು ಹೊರಟಿತ್ತು. ಹಿಂದೆ ನಿಂತಿದ್ದ ಸುಬೇದಾರ್ ಕಾಕಾರು (ಸೈನ್ಯದಿಂದ ನಿವೃತ್ತರಾದವರು, ರೇಂಜಿನ ಉಸ್ತುವಾರಿ ಅವರದೇ) “ಏ, ನಿಂದರ್ರಿ! ಬೆರಳ ತಗೀರಿ!” ಎಂದು ಕೂಗಿದರು. ಸಿಲಿಂಡರ್ ತೆರೆದು, ಎಲ್ಲ ಖಾಲಿ ಮಾಡಿ, ನಳಿಗೆಯಲ್ಲಿ ಹಿತ್ತಾಳೆ ಸರಳು ಇಳಿಸಿದರೆ ಅದು ಅರ್ಧಕ್ಕೇ ನಿಂತಿತು. ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದಿನಿಂದ ಇನ್ನೊಂದು ಹಾರಿದ್ದರೆ ನಳಿಗೆ ಉಬ್ಬುತ್ತಿತ್ತು ಅಥವಾ ಒಡೆಯುತ್ತಿತ್ತು. ಆ ರಿವಾಲ್ವರಿನಿಂದ ಒಂದು ಮಾರು ದೂರದಲ್ಲಿ ನಾನು ನಿಂತಿದ್ದೆ.

ಇಷ್ಟಾಗುವ ಹೊತ್ತಿಗೆ ಷಡ್ಡಕರ ರಿವಾಲ್ವರ್ ತಾನಾಗಿಯೇ ನಿಂತುಹೋಗಿತ್ತು. ಕೆಲವು ಹಾರಿದ ಮೇಲೆ ಸಿಲಿಂಡರ್ ತಿರುಗಲೇ ಇಲ್ಲ. ಹಗುರವಾದ ಗನ್ನಿನ ಹಿನ್ನೊದೆತಕ್ಕೆ, ಇನ್ನೂ ಹಾರದೆ ಉಳಿದಿದ್ದ ಕಾಡತೂಸಿನ ಗುಂಡು ಕೇಸಿನಿಂದ ಮುಂದಕ್ಕೆ ಜಾರಿ, ಸಿಲಿಂಡರಿನ ಮೂತಿಯಿಂದ ಹೊರಗೆ ಇಣುಕಿ ಫ್ರೇಮಿಗೆ ತಡೆದಿತ್ತು. ಮ್ಯಾಗ್ನಮ್ ಕಾಡತೂಸಿನಲ್ಲಿ ಕೇಸಿನ ಬಾಯನ್ನು ಒಳಕ್ಕೆ ಒತ್ತಿ ಗುಂಡನ್ನು ಬಿಗಿ ಹಿಡಿಸುವ ಕ್ರಿಂಪ್ ಸರಿಯಾಗಿ ಇರದಿದ್ದರೆ ಆಗುವುದೇ ಹೀಗೆ.

ಕಾಕಾರು ಎಲ್ಲರ ಡಬ್ಬಿಗಳನ್ನೂ ಮೇಜಿನ ಮೇಲೆ ಸುರುವಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದರು. ಡಬ್ಬಿಯ ಮೇಲೆ ಇದ್ದದ್ದು ಒಂದೇ ಕಂಪನಿಯ ಹೆಸರು, ಕೇಸುಗಳ ತಳದಲ್ಲಿ ಇದ್ದದ್ದು ಬೇರೆ ಬೇರೆ ಕಂಪನಿಗಳ ಮುದ್ರೆ. ಕೆಲವು ಪ್ರೈಮರುಗಳು ಬೆಳ್ಳಿಬಣ್ಣದವು, ಕೆಲವು ಹಳದಿ. ಒಂದು ಪ್ರೈಮರಂತೂ ಪೂರ್ತಿ ಕೂರದೆ ಉಗುರಿಗೆ ತಾಗುವಷ್ಟು ಮೇಲೆ ಎದ್ದಿತ್ತು. ಕೇಸಿನ ಅಂಚಿನಲ್ಲಿ ಹಿಂದೆ ಯಾವುದೋ ಗನ್ನಿನ ಎಜೆಕ್ಟರ್ ಎಳೆದ ಗೀರು, ತಳದಿಂದ ಸ್ವಲ್ಪ ಮೇಲೆ ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತಂದ ಉಂಗುರದಂಥ ಗೆರೆ. ಹಾರಿಸಿ ಬಿಸಾಡಿದ ಖಾಲಿ ಕೇಸುಗಳನ್ನು ಆರಿಸಿ, ಉಜ್ಜಿ ಹೊಳಪು ಕೊಟ್ಟು, ಕೈಯಿಂದಲೇ ಮತ್ತೆ ಮದ್ದು ತುಂಬಿ ಸಿದ್ಧಪಡಿಸಿದ ಮಾಲು ಅದು. ಬ್ಯಾಡಗಿ ಪೇಟೆಯಲ್ಲಿ ಚೀಲದ ಬಾಯಿಗೆ ಹೊಸ ಕಡ್ಡಿ ಮೆಣಸಿನಕಾಯಿ ಹರಡಿ, ಕೆಳಗೆ ಕೋಲ್ಡ್ ಸ್ಟೋರೇಜಿನ ಹಳೆಯ ಮಾಲು ತುಂಬಿ ಟೆಂಡರಿಗೆ ಇಡುವವರನ್ನು ನಮ್ಮ ಷಡ್ಡಕರು ದೂರದಿಂದಲೇ ಗುರುತಿಸುತ್ತಾರೆ. ಅಂಥ ಕಣ್ಣಿನ ಷಡ್ಡಕರಿಗೇ ಹಳೆಯ ಮಾಲನ್ನು ಡಬ್ಬಿ ಕಟ್ಟಿ ಮಾರಿದ್ದರು ಎಂಬುದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಈಗ ಅಂಗಡಿಯವರ ಉತ್ತರಗಳಿಗೆ ಬರುತ್ತೇನೆ, ನನ್ನ ಸಿಟ್ಟು ಇರುವುದೇ ಅಲ್ಲಿ. ನಾನು ಫೋನ್ ಮಾಡಿದಾಗ ಬಂದ ಮಾತು: “ನಿಮ್ಮ ಗನ್ ಹಳೇದೈತ್ರಿ ಸರ.” ಗದಗಿನ ಗೆಳೆಯರಿಗೆ ಹೇಳಿದ್ದು: “ನಿಮ್ಮ ನಳಿಗಿ ಉದ್ದ ಆತ್ರಿ, ಅದಕ್ಕ ಸಿಕ್ಕೈತಿ.” ಷಡ್ಡಕರಿಗೆ ಹೇಳಿದ್ದು: “ನೀವು ಗಟ್ಟಿ ಹಿಡದಿಲ್ರಿ, ಕೈ ಸಡ್ಲ ಬಿಟ್ಟೀರಿ.” ಒಂದೇ ಮಾಲಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ! ಮೂವರೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಎಂದು ಅವರು ಭಾವಿಸಿರಬೇಕು. ಮರುದಿನ ಮೂವರೂ ಒಟ್ಟಿಗೆ ಅಂಗಡಿಗೆ ಹೋಗಿ ಎದುರಿಗೆ ಕುಳಿತೆವು. ಮತ್ತೆ ಅದೇ ಮಾತು, ಗನ್ ಹಳೇದೈತ್ರಿ. ಗದಗಿನವರ ಗನ್ನಿನ್ಯಾಗ ಕೇಸು ಸಲೀಸ ಬಂದಾವಲ್ರಿ, ಅಂದ್ರ ಮಾಲು ಛಲೋ ಐತಿ, ನಿಮ್ಮ ಗನ್ ಹಳೇದೈತ್ರಿ. ನಾನು ತಳದ ಮುದ್ರೆಗಳ ಫೋಟೋ ತೋರಿಸಿ, ಒಂದು ಡಬ್ಬಿಯಲ್ಲಿ ಇಷ್ಟು ಕಂಪನಿಗಳು ಹೇಗೆ ಬಂದವು ಎಂದು ಕೇಳಿದೆ. ಆಗ ಸಿಡುಕಿನಲ್ಲಿ ಅವರ ಬಾಯಿಂದ ಬಂದ ಮಾತನ್ನು ಅಕ್ಷರಶಃ ಬರೆಯುತ್ತೇನೆ:

“ಅಲ್ರೀ, ತುಂಬೋ ಹುಡುಗ ತನ್ನ ಗನ್ನಿನ್ಯಾಗ ಹೊಡದು ನೋಡೇ ಕೊಡ್ತಾನ್ರಿ. ಅವಂಗ ಒಂದೂ ತಕರಾರು ಬಂದಿಲ್ಲ.”

ತುಂಬೋ ಹುಡುಗ! ಮುಂಬೈ ಮಾಲು, ಪಕ್ಕಾ ಇಂಪೋರ್ಟೆಡ್ ಎಂದು ಪೂರ್ತಿ ಬೆಲೆ ಎಣಿಸಿಕೊಂಡ ಬಾಯಲ್ಲಿಯೇ ತುಂಬೋ ಹುಡುಗ. ಅಂಗಡಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕೌಂಟರಿನ ಹಿಂದಿದ್ದ ಕೆಲಸದವನು ತಲೆ ತಗ್ಗಿಸಿ ಗಾಜು ಒರೆಸತೊಡಗಿದ. ಆ ಗಳಿಗೆಯಲ್ಲಿ ನನಗಾದ ನಾಚಿಕೆಯನ್ನು ಇಲ್ಲಿ ವಿವರಿಸಲಾರೆ. ಇಬ್ಬರು ಹಿರಿಯರನ್ನು ಆ ಅಂಗಡಿಗೆ ಕರೆದುಕೊಂಡು ಹೋದವನು ನಾನೇ, ಅವರ ಎದುರಿಗೇ ಆ ಮಾತು ಬಂತು.

ಅವನ ಗನ್ನಿನಲ್ಲಿ ಹಾರಿದರೆ ನನ್ನ ಗನ್ನಿಗೆ ಏನು ಸಂಬಂಧ ಎಂಬುದು ಆ ವ್ಯಾಪಾರಿಗೆ ಗೊತ್ತಿಲ್ಲದ ವಿಷಯವಲ್ಲ. .357 ಮ್ಯಾಗ್ನಮ್ ಬಂದದ್ದು 1935ರಲ್ಲಿ. ಅದರ ಕೇಸನ್ನು ಹಳೆಯ .38 ಸ್ಪೆಷಲ್ ಕಾಡತೂಸಿನ ಕೇಸಿಗಿಂತ ಮೂರು ಮಿಲಿಮೀಟರಿಗೂ ತುಸು ಹೆಚ್ಚು ಉದ್ದ ಮಾಡಿದ್ದೇ, ಅದು ದುರ್ಬಲವಾದ ಹಳೆಯ ರಿವಾಲ್ವರುಗಳ ಚೇಂಬರಿನೊಳಗೆ ಕೂರಬಾರದು ಎಂದು. ಅಮೆರಿಕದ ತಯಾರಕರ ಮಾನದಂಡದಲ್ಲಿ .38 ಸ್ಪೆಷಲ್‌ನ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡು, .357 ಮ್ಯಾಗ್ನಮ್‌ನದು 35,000. ಕಾರ್ಖಾನೆಗಳು ಅಳೆದು ನೋಡಿ ಈ ಮಿತಿಯೊಳಗೆ ಇಡುವುದರಿಂದಲೇ ಅವುಗಳ ಮಾಲನ್ನು ಯಾವ .357ರಲ್ಲಾದರೂ ಹಾರಿಸಬಹುದು. ಕೈಯಿಂದ ತುಂಬಿದ್ದಕ್ಕೆ ಅಂಥ ಯಾವ ಜಾಮೀನೂ ಇಲ್ಲ. ಚೇಂಬರಿನ ಬಿಗಿತ, ಸಿಲಿಂಡರಿಗೂ ನಳಿಗೆಗೂ ನಡುವಿನ ಕೂದಲೆಳೆಯ ಸಂದು, ನಳಿಗೆಯ ಉದ್ದ, ಫ್ರೇಮಿನ ತೂಕ ಇವೆಲ್ಲ ಗನ್ನಿನಿಂದ ಗನ್ನಿಗೆ ಬೇರೆಯಾಗಿರುತ್ತವೆ. ಆದ್ದರಿಂದಲೇ ಕಾನೂನು ಅವಕಾಶ ಕೊಡುವ ದೇಶಗಳಲ್ಲಿ ಸ್ವತಃ ತುಂಬಿಕೊಳ್ಳುವವರು, ಮದ್ದಿನ ಕಂಪನಿಯ ಪುಸ್ತಕ ಎದುರಿಗಿಟ್ಟುಕೊಂಡು, ಕಡಿಮೆ ಪ್ರಮಾಣದಿಂದ ಶುರುಮಾಡಿ, ತಮ್ಮ ಒಂದೊಂದು ಗನ್ನಿಗೂ ಪ್ರತ್ಯೇಕವಾಗಿ ಪರೀಕ್ಷೆ ಮಾಡುತ್ತಾರೆ, ಒಂದರಲ್ಲಿ ಸರಿಹೋದದ್ದನ್ನು ಇನ್ನೊಂದಕ್ಕೆ ಹಾಗೆಯೇ ಹಾಕುವುದಿಲ್ಲ. ನನ್ನ ಮಾಡೆಲ್ 19ರಂಥ ಮಧ್ಯಮ ಫ್ರೇಮಿನ ರಿವಾಲ್ವರುಗಳು ಬಿರುಸಾದ ಮ್ಯಾಗ್ನಮ್ ಗುಂಡುಗಳನ್ನು ಸತತವಾಗಿ ತಿಂದರೆ ನಳಿಗೆಯ ಹಿಂಬದಿಯ ಬಾಯಲ್ಲಿ ಬಿರುಕು ಬಿಡುತ್ತವೆಂಬುದು ಹಳೆಯ ಸಂಗತಿ. ಅದೇ ಕಂಪನಿ 1980ರ ಹೊತ್ತಿಗೆ ಇನ್ನೂ ಗಟ್ಟಿಯಾದ ಎಲ್-ಫ್ರೇಮನ್ನು ತಂದದ್ದರ ಹಿಂದೆ ಆ ದೂರೂ ಇತ್ತು.

ಹೋಗಲಿ, ಆ ಹುಡುಗನ ಗನ್ ಯಾವುದಾದರೂ ಇರಲಿ. ಒಂದೇ ಡಬ್ಬಿಯಲ್ಲಿ ಒಂದು ಕಾಡತೂಸು ಕೇಸನ್ನು ಚೇಂಬರಿಗೆ ಅಂಟಿಸುವಷ್ಟು ಬಿರುಸು, ಇನ್ನೊಂದು ನಳಿಗೆ ದಾಟಲಾರದಷ್ಟು ಸಪ್ಪೆ. ಮ್ಯಾಗ್ನಮ್ ಕೇಸಿನೊಳಗಿನ ಮದ್ದು ಹೆಚ್ಚೆಂದರೆ ಒಂದು ಗ್ರಾಮಿನ ಆಸುಪಾಸು ಇರುತ್ತದೆ. ಅಲ್ಲಿ ಚಿಟಿಕೆ ಹೆಚ್ಚುಕಡಿಮೆಯಾದರೂ ಗನ್ನಿನ ಗತಿ ಬೇರೆಯಾಗುತ್ತದೆ. ಇದಕ್ಕೂ ನನ್ನ ಗನ್ ಹಳೆಯದಾದದ್ದಕ್ಕೂ ಏನು ಸಂಬಂಧ? ಅವರು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಕೊನೆಗೆ ಬಂದದ್ದು ಬೆದರಿಕೆ. “ಕಂಪ್ಲೇಂಟ್ ಕೊಡ್ರಿ ಬೇಕಾದ್ರ. ತಗೊಂಡವ್ರು ನೀವು, ಹಾರಿಸಿದವ್ರು ನೀವು. ನಿಮ್ಮ ಲೈಸೆನ್ಸ್ ಪುಸ್ತಕಾನೂ ಅಲ್ಲೇ ಇಡಬೇಕಾಗ್ತೈತಿ ನೋಡ್ರಿ.” ಶಸ್ತ್ರಾಸ್ತ್ರ ಕಾಯ್ದೆ, 1959ರ 5ನೆಯ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದೂ ಮಾರುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಇದು ಗೊತ್ತಿದ್ದೂ, ಗಿರಾಕಿಗೆ ಲೈಸೆನ್ಸಿನ ಭಯ ಇರುತ್ತದೆ, ಅವನು ತುಟಿ ಬಿಚ್ಚುವುದಿಲ್ಲ ಎಂಬ ಧೈರ್ಯದ ಮೇಲೆ ಈ ವ್ಯಾಪಾರ ನಡೆಯುತ್ತಿದೆ. ನಾವು ತುಟಿ ಬಿಚ್ಚಿದ್ದೇವೆ. ನಾನು ಪೊಲೀಸ್ ಆಯುಕ್ತರ ಕಚೇರಿಗೂ, ಅವರಿಬ್ಬರು ತಮ್ಮ ತಮ್ಮ ಜಿಲ್ಲಾಧಿಕಾರಿಗಳ ಕಚೇರಿಗೂ ಲಿಖಿತ ದೂರು ಕೊಟ್ಟು, ಉಳಿದ ಕಾಡತೂಸುಗಳನ್ನು ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆದಿದ್ದೇವೆ. ಅದಾದ ಮೇಲೆ ಅದೇ ಅಂಗಡಿಯವರಿಂದ ಫೋನ್ ಬಂತು: “ಸಾಹೇಬ್ರ, ಅರ್ಧಾ ರೊಕ್ಕ ವಾಪಸ್ ತಗೋರಿ, ಖಾಲಿ ಕೇಸರ ಕೊಡ್ರಿ.” ಖಾಲಿ ಕೇಸು ಯಾಕೆ ಬೇಕು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತಯಾರಕರ ಹೆಸರು, ಕಂತಿನ ಸಂಖ್ಯೆ ಎರಡನ್ನೂ ಬಿಲ್ಲಿನಲ್ಲಿ ಬರೆದುಕೊಡದ ಅಂಗಡಿಯಿಂದ ಎದ್ದು ಬನ್ನಿ, ಚಾ ಕುಡಿಯುತ್ತ ಕೂರಬೇಡಿ. ಹಣ ಕೊಡುವ ಮೊದಲು ಡಬ್ಬಿ ಬಿಚ್ಚಿಸಿ ತಳದ ಮುದ್ರೆ, ಪ್ರೈಮರಿನ ಬಣ್ಣ, ಅಂಚಿನ ಗೀರುಗಳನ್ನು ನೋಡಿ. ಬಿಚ್ಚಲು ಒಪ್ಪದಿದ್ದರೆ ಅದೇ ನಿಮಗೆ ಉತ್ತರ. ಆ ಟೇಪು ಸುತ್ತಿದ ಡಬ್ಬಿ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಹಾರಿಸಿ ನೋಡಬೇಡಿ, ಅಂಗಡಿಗೆ ಹಿಂದಿರುಗಿಸಲೂ ಬೇಡಿ, ಹಿಂದಿರುಗಿಸಿದ ಮಾಲು ಬೇರೆ ಯಾರದೋ ಡಬ್ಬಿಗೆ ಸೇರುತ್ತದೆ. ಪತ್ರ ಬರೆದು ನಿಮ್ಮ ಠಾಣೆಗೆ ಒಪ್ಪಿಸಿ, ಬಿಲ್ಲಿನ ಪ್ರತಿಯನ್ನೂ ಲೈಸೆನ್ಸ್ ಪುಸ್ತಕದಲ್ಲಿ ಖರೀದಿ ದಾಖಲಾದ ಪುಟದ ಪ್ರತಿಯನ್ನೂ ಜೊತೆಗೆ ಲಗತ್ತಿಸಿ, ಸ್ವೀಕೃತಿ ಕೈಗೆ ಬರುವವರೆಗೂ ಅಲ್ಲಿಂದ ಏಳಬೇಡಿ.