ನಿಕಾನ್ ಡಿ7200 ಹಳತಾದ ಮೇಲೆ: ಯಾವ ಎರರ್‌ಗೆ ಏನರ್ಥ, ಎಲ್ಲೆಲ್ಲಿ ಸವೆಯುತ್ತದೆ

2015ರಲ್ಲಿ ಬಂದ ಈ ಕ್ಯಾಮೆರಾ ಈಗ ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್‌ನಲ್ಲೇ ಕೈ ಬದಲಾಯಿಸುತ್ತಿದೆ. 24 ಮೆಗಾಪಿಕ್ಸೆಲ್ ಸೆನ್ಸರ್‌ನ ಗುಣಮಟ್ಟದ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ವರ್ಷಗಟ್ಟಲೆ ದುಡಿದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹೇಗಿರುತ್ತದೆ ಎಂದು ಹೇಳುವವರು ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಾಡಿ ಗಟ್ಟಿ. ಎರರ್ ಕಂಡ ಕೂಡಲೇ ಸರ್ವಿಸ್‌ಗೆ ಓಡಬೇಡಿ, ತೊಂದರೆ ಬಹಳ ಸಲ ಲೆನ್ಸಿನದೋ ಕಾರ್ಡಿನದೋ ಆಗಿರುತ್ತದೆ.

ಮೇಲಿನ ಚಿಕ್ಕ ಪರದೆಯಲ್ಲಿ ಎಫ್-ಇ-ಇ ಎಂದು ಮಿನುಗಿದರೆ ಅದು ಕೆಟ್ಟಿದ್ದಲ್ಲ. 50 ಎಂಎಂ ಎಫ್/1.8ಡಿಯಂಥ ಹಳೇ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ರಿಂಗನ್ನು ಎಫ್/22ಕ್ಕೆ ತಿರುಗಿಸಿ, ಪಕ್ಕದ ಚಿಕ್ಕ ಲಾಕ್ ಜರುಗಿಸಿದರೆ ಸರಿಹೋಗುತ್ತದೆ. ಎಫ್ ಅಕ್ಷರದ ಮುಂದೆ ಎರಡು ಗೀಟು ಬಂದರೆ ಲೆನ್ಸ್ ಕ್ಯಾಮೆರಾಕ್ಕೆ ಕಾಣುತ್ತಿಲ್ಲ ಎಂದರ್ಥ. ಲೆನ್ಸ್ ಬಿಚ್ಚಿ, ಹಿಂಭಾಗದ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಒರೆಸಿ. ಬಾಡಿ ಕಡೆಯ ಪಿನ್ನುಗಳ ಕೆಳಗೆ ಸ್ಪ್ರಿಂಗ್ ಇದೆ. ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡಿ, ಒಳಗೇ ಉಳಿದ ಪಿನ್ ಇದ್ದರೆ ಕಾರಣ ಅದೇ.

ನಿಜವಾಗಿ ಗಾಬರಿ ಹುಟ್ಟಿಸುವುದು ಇ-ಆರ್-ಆರ್. ಕನ್ನಡಿ, ಶಟರ್, ಅಪರ್ಚರ್ ಈ ಮೂರರಲ್ಲಿ ಯಾವುದೋ ಒಂದು ತನ್ನ ಚಲನೆ ಮುಗಿಸಲಿಲ್ಲ ಎಂಬ ಸೂಚನೆ ಅದು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ಶಟರ್ ಬಟನ್ ಒಮ್ಮೆ ಒತ್ತಿ. ಹೋಗದಿದ್ದರೆ ಲೆನ್ಸ್ ತೆಗೆದು, ಮೋಡ್ ಡಯಲನ್ನು ‘ಎಂ’ (ಮ್ಯಾನ್ಯುಯಲ್) ಗುರುತಿಗೆ ತಿರುಗಿಸಿ, ಬರೀ ಬಾಡಿಯಲ್ಲಿ ಕ್ಲಿಕ್ ಮಾಡಿ. ಈಗ ಎರರ್ ಬರದಿದ್ದರೆ ಅನುಮಾನ ಲೆನ್ಸಿನ ಮೇಲೆ. ಅದರ ಹಿಂಭಾಗದ ಚಿಕ್ಕ ಲೋಹದ ಲಿವರನ್ನು ಬೆರಳ ತುದಿಯಿಂದ ಸರಿಸಿ ಬಿಡಿ. ಅಪರ್ಚರ್ ಬ್ಲೇಡುಗಳು ಪಟ್ಟನೆ ಮುಚ್ಚಿಕೊಳ್ಳಬೇಕು. ಸೋಮಾರಿಯಾಗಿ ಜಾರಿದರೆ ಬ್ಲೇಡಿಗೆ ಎಣ್ಣೆ ಹತ್ತಿದೆ. ಅಂಥ ಲೆನ್ಸಿನಲ್ಲಿ ಪೂರ್ತಿ ತೆರೆದ ಅಪರ್ಚರ್‌ನ ಚಿತ್ರ ಸರಿಯಾಗಿದ್ದು, ಎಫ್/16ರದು ಬೆಳ್ಳಗೆ ಸುಟ್ಟುಹೋಗಿರುತ್ತದೆ. ಬರೀ ಬಾಡಿಯಲ್ಲೂ ಎರರ್ ಬಂದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಒತ್ತಿದರೆ, ಶಟರ್ ಬ್ಲೇಡ್ ಮುರಿದಿದ್ದ ಪಕ್ಷದಲ್ಲಿ ಚೂರು ಸೆನ್ಸರ್‌ಗೆ ಗೀರಬಹುದು.

ಸಿ-ಎಚ್-ಎ ಎಂದರೆ ಕಾರ್ಡಿನ ತಕರಾರು. ಎರಡು ಸ್ಲಾಟ್ ಇರುವುದರಿಂದ ಕಾರ್ಡ್ ಅದಲುಬದಲು ಮಾಡಿದರೆ ಗೊತ್ತಾಗುತ್ತದೆ: ತಕರಾರು ಕಾರ್ಡಿನ ಜೊತೆ ಹೋದರೆ ಕಾರ್ಡ್, ಸ್ಲಾಟಿನಲ್ಲೇ ಉಳಿದರೆ ಸ್ಲಾಟ್. ಕಾರ್ಡ್ ಲಾಕ್ ಆಗಿದೆ ಎಂದು ಪದೇಪದೇ ಹೇಳುತ್ತಿದ್ದರೆ ಕಾರ್ಡಿನ ಪಕ್ಕದ ಪ್ಲಾಸ್ಟಿಕ್ ಸ್ವಿಚ್ ಸಡಿಲಾಗಿ, ಒಳಗೆ ತಳ್ಳುವಾಗಲೇ ಜಾರುತ್ತಿದೆ. ಆ ಕಾರ್ಡನ್ನು ಬಿಟ್ಟುಬಿಡಿ.

ಕೊಳ್ಳುವವರೆಲ್ಲ ಮೊದಲು ಕೇಳುವುದು ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ. ಕಂಪನಿ ಹೇಳಿದ 1,50,000 ಎನ್ನುವುದು ಪರೀಕ್ಷೆಯ ಅಂಕಿ, ಅಷ್ಟಾದ ಮೇಲೆ ಕ್ಯಾಮೆರಾ ಸಾಯುತ್ತದೆಂದಲ್ಲ. ಕ್ಯಾಮೆರಾದಿಂದ ನೇರ ಬಂದ ಜೆಪೆಗ್ ಅಥವಾ ರಾ ಫೈಲನ್ನು ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಸಂಖ್ಯೆ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರದಲ್ಲಿ ಅದು ಅಳಿಸಿಹೋಗಿರುತ್ತದೆ. ಸಂಖ್ಯೆಗಿಂತ ಈ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ: ಬಿಸಿಲು ಬಿದ್ದ ಬಿಳಿ ಗೋಡೆಗೆ ಎಫ್/5.6 ಇಟ್ಟು, ಐಎಸ್ಒ 100ರಲ್ಲಿ 1/1000, 400ರಲ್ಲಿ 1/4000, 800ರಲ್ಲಿ 1/8000 ಸೆಕೆಂಡ್, ಹೀಗೆ ಮೂರು ಚಿತ್ರ. ಮೂರೂ ಒಂದೇ ಹೊಳಪಿನಲ್ಲಿ ಬರಬೇಕು. 1/8000ರಲ್ಲಿ ಮಾತ್ರ ಮೇಲೋ ಕೆಳಗೋ ಕಪ್ಪು ಪಟ್ಟಿ ಬಂದರೆ ಶಟರಿನ ಎರಡು ಪರದೆಗಳಲ್ಲಿ ಎರಡನೆಯದು ಮೊದಲನೆಯದರ ಹಿಂದೆಯೇ ಬೇಗ ಬಂದು ಮುಟ್ಟುತ್ತಿದೆ, ಅಂದರೆ ಶಟರ್ ಸವೆದಿದೆ. ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಈ ಪರೀಕ್ಷೆ ಬೇಡವೇ ಬೇಡ. ದೀಪದ ಮಿನುಗೇ ಪಟ್ಟಿ ಮೂಡಿಸುತ್ತದೆ, ಒಳ್ಳೇ ಕ್ಯಾಮೆರಾ ಸುಮ್ಮನೆ ಅಪವಾದ ಹೊರುತ್ತದೆ.

ಸೆನ್ಸರ್ ಧೂಳು ನೋಡಲು ಎಫ್/16, ಐಎಸ್ಒ 100, ಫೋಕಸ್ ಪೂರ್ತಿ ಕೆಡಿಸಿ ಆಕಾಶದ ಚಿತ್ರ ತೆಗೆಯಿರಿ. ಕೈ ಅಲುಗಿದರೂ ಚಿಂತೆಯಿಲ್ಲ, ಕಲೆ ಅಲುಗುವುದಿಲ್ಲ. ಕಲೆ ಚಿತ್ರದ ಎಡ ಮೇಲ್ಮೂಲೆಯಲ್ಲಿದ್ದರೆ, ಮುಂದಿನಿಂದ ನೋಡುವಾಗ ಧೂಳು ಸೆನ್ಸರಿನ ಎಡ ಕೆಳಮೂಲೆಯಲ್ಲಿರುತ್ತದೆ. ಮೆನುವಿನಿಂದ ಕನ್ನಡಿ ಎತ್ತಿಸಿ, ಬಾಡಿಯ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲು ಕೂರುತ್ತದೆ. ಹೋಗದ ಜಿಗುಟು ಕಲೆಗೆ ಮಾತ್ರ 16 ಎಂಎಂ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ), ಒಂದೆರಡು ಹನಿ ದ್ರಾವಣ.

ಬ್ಯಾಟರಿ ವಿಷಯದಲ್ಲಿ ಕ್ಯಾಮೆರಾವೇ ನಿಜ ಹೇಳುತ್ತದೆ. ಸೆಟಪ್ ಮೆನುವಿನ ಬ್ಯಾಟರಿ ಇನ್ಫೊದಲ್ಲಿ ವಯಸ್ಸು 0ಯಿಂದ 4ರವರೆಗೆ ಕಾಣುತ್ತದೆ. 4 ಎಂದರೆ ಬದಲಾಯಿಸುವ ಕಾಲ.

ಕರಾವಳಿ, ಮಲೆನಾಡಿನವರಿಗೆ ಶಟರ್‌ಗಿಂತ ದೊಡ್ಡ ಶತ್ರು ಮಳೆಗಾಲದ ತೇವ. ಬ್ಯಾಗಿನಲ್ಲೇ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹತ್ತುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಜೊತೆಗೊಂದು ಹೈಗ್ರೊಮೀಟರ್ (ತೇವಾಂಶ ಅಳೆಯುವ ಮಾಪಕ) ಇಟ್ಟು ತೇವಾಂಶ 40–50% ಆಸುಪಾಸು ಕಾಯ್ದುಕೊಳ್ಳಿ. ಹೆಬ್ಬೆರಳು ಕೂರುವ ಕಡೆಯ ರಬ್ಬರ್ ಬೆವರಿಗೆ ಹಿಗ್ಗಿ ಏಳಬಹುದು. ಅದು ಹಳೇ ಅಂಟು ಒರೆಸಿ ಹೊಸದಾಗಿ ಅಂಟಿಸುವಷ್ಟರ ಕೆಲಸ, ಅದೊಂದಕ್ಕೇ ಬಾಡಿಯನ್ನು ಬೇಡವೆನ್ನಬೇಡಿ. ಆದರೆ ಲೆನ್ಸ್ ಕೂರುವ ಮೌಂಟಿನ ಸ್ಕ್ರೂಗಳ ತಲೆ ಕೆತ್ತಿಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಕೊಳ್ಳಬೇಡಿ.